ಬೋರ್ ನೀರಿನ ಊರಲ್ಲಿ ಕೈತೋಟಕ್ಕೆ ದ್ರವ ಗೊಬ್ಬರ: ಹಿಂಡಿ ನೀರು, ಜೀವಾಮೃತ ಮತ್ತು ಬೆರೆಸುವ ಲೆಕ್ಕ

ದ್ರವ ಗೊಬ್ಬರ ಮಾಡುವುದರಲ್ಲಿ ಕಷ್ಟವೇನಿಲ್ಲ. ಬಕೆಟ್ಟಿಗೆ ಹಿಂಡಿ (ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ) ಹಾಕಿ, ನೀರು ಹುಯ್ದು, ನಾಲ್ಕು ದಿನ ಕಲಕುತ್ತಿದ್ದರೆ ಅದು ತನ್ನಷ್ಟಕ್ಕೆ ಆಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೈತೋಟದವರು ಎಡವುವುದು ಆಮೇಲೆ. ಎಷ್ಟು ನೀರು ಬೆರೆಸಬೇಕು, ಯಾವ ನೀರು ಬೆರೆಸಬೇಕು ಅನ್ನುವಲ್ಲಿ. ಈ ಕಡೆಯ ಬೋರ್ ನೀರು ಬಹುಪಾಲು ಗಡಸು. ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳೀ ಪದರ ಕಟ್ಟುತ್ತದಲ್ಲ, ಅದೇ ಸುಣ್ಣದಂಶ ಕುಂಡದ ಮಣ್ಣಿನಲ್ಲೂ ದಿನದಿನ ಕೂಡುತ್ತಿರುತ್ತದೆ. ಅದರ ಮೇಲೆ ಗಟ್ಟಿ ಗೊಬ್ಬರದ ನೀರು ಹುಯ್ದರೆ ಬೇರಿಗೆ ಉಪ್ಪಿನ ಮೇಲೆ ಉಪ್ಪು. ಅದಕ್ಕೇ ಗೊಬ್ಬರಕ್ಕಿಂತ ಮೊದಲು ನೀರಿನ ಮಾತು.

ನೀರು

ಮಳೆನೀರಿದ್ದರೆ ಬೇರೆ ಯೋಚನೆ ಬೇಡ. ಹತ್ತು ಚದರ ಮೀಟರ್ ಶೀಟಿನ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 200 ಲೀಟರ್, ಅಂದರೆ ಒಂದು ನೀಲಿ ಡ್ರಮ್ಮು. ಮೊದಲ ಹತ್ತು ನಿಮಿಷದ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ, ಅದನ್ನು ಹರಿದುಹೋಗಲು ಬಿಡಿ. ಇಪ್ಪತ್ತು ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಲು ಆರೇಳು ಲೀಟರ್ ಸಾಕು. ದಿನನಿತ್ಯ ಹಾಕುವ ನೀರು ಬೋರಿನದೇ ಆಗಿರಲಿ, ಗೊಬ್ಬರ ಬೆರೆಸಲು ಮಾತ್ರ ಮಳೆನೀರು ಅಂತ ಎತ್ತಿಟ್ಟರೆ, ಮುಚ್ಚಿಟ್ಟ ಒಂದು ಡ್ರಮ್ಮು ಮುಂದಿನ ಮಳೆಗಾಲ ಮುಟ್ಟಿಸುತ್ತದೆ. ಮುಚ್ಚಳದ ಕೆಳಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ.

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಿ, ಇಲ್ಲದಿದ್ದರೆ ಹುದುಗಿಸಬೇಕಾದ ಸೂಕ್ಷ್ಮಜೀವಿಗಳನ್ನೇ ಕೊಂದಂತೆ.

ಆರ್‌ಒ ಯಂತ್ರದಿಂದ ಹೊರಹೋಗುವ ವೇಸ್ಟ್ ನೀರನ್ನು ಗಿಡಕ್ಕೆ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿದೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಬೋರ್ ನೀರಿಗಿಂತಲೂ ಅದು ಗಡಸು. ನೆಲ ಒರೆಸಲು, ಬಚ್ಚಲಿಗೆ ಆಗಲಿ. ಕುಂಡಕ್ಕೆ, ಅದರಲ್ಲೂ ಗೊಬ್ಬರ ಬೆರೆಸಲು, ಬೇಡ.

ಬೋರ್ ನೀರೇ ಗತಿ ಅನ್ನುವವರು ಮುಂದೆ ಹೇಳುವ ಅಳತೆಯಲ್ಲಿ ಹತ್ತು ಪಾಲು ನೀರು ಅಂದ ಕಡೆಯೆಲ್ಲ ಹದಿನೈದು ಪಾಲು ಅಂತ ಓದಿಕೊಳ್ಳಿ.

ಹಿಂಡಿ ನೀರು

ಕುಂಡದ ಗಿಡಗಳಿಗೆ ಎಲ್ಲಕ್ಕಿಂತ ನಂಬಿಕಸ್ತ ದ್ರವ ಗೊಬ್ಬರ ಇದು. ಪಾವಗಡ, ಶಿರಾ, ಮಧುಗಿರಿ ಕಡಲೆಕಾಯಿಯ ಸೀಮೆ, ಹಿಂಡಿಗೆ ಬರ ಇಲ್ಲ. ಗಾಣದಲ್ಲಿ ಅಥವಾ ಬೂಸಾ ಅಂಗಡಿಯಲ್ಲಿ ಕೇಳಿ. ನೂರು ಕೆ.ಜಿ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7 ಕೆ.ಜಿ. ಸಾರಜನಕ ಇರುತ್ತದೆ, ಬೇವಿನ ಹಿಂಡಿಯಲ್ಲಿ 5, ಹೊಂಗೆ ಹಿಂಡಿಯಲ್ಲಿ 4. ರಂಜಕ, ಪೊಟ್ಯಾಷ್ ಮೂರರಲ್ಲೂ ಒಂದೊಂದೂವರೆ ಕೆ.ಜಿ.ಯ ಆಸುಪಾಸು, ಅಷ್ಟೇ. ಅಂದರೆ ಇದು ಮುಖ್ಯವಾಗಿ ಎಲೆ, ಚಿಗುರಿನ ಗೊಬ್ಬರ. ಈ ಮಾತು ನೆನಪಲ್ಲಿರಲಿ, ಹೂ ಬಿಡುವ ಹೊತ್ತಿಗೆ ಬೇಕಾಗುತ್ತದೆ.

ಕೊಳ್ಳುವಾಗ ಎರಡು ಎಚ್ಚರ. ಹಸುವಿಗೆ ಹಾಕುವ ಗುಳಿಗೆ ರೂಪದ ಪಶು ಆಹಾರ ಹಿಂಡಿ ಅಲ್ಲ, ಅದರಲ್ಲಿ ಉಪ್ಪು, ಖನಿಜ ಮಿಶ್ರಣ ಸೇರಿರುತ್ತದೆ. ಇನ್ನು ಹರಳು ಹಿಂಡಿ. ಗೊಬ್ಬರವಾಗಿ ಚೆನ್ನಾಗಿದೆ, ಆದರೆ ಅದರಲ್ಲಿರುವ ರಿಸಿನ್ ವಿಷ. ವಾಸನೆಗೆ ಬಂದು ತಿಂದ ನಾಯಿ ಸಾಯಲೂಬಹುದು. ಮನೆಯಲ್ಲಿ ನಾಯಿ, ಕೋಳಿ ಇದ್ದರೆ ಅದನ್ನು ತರಲೇಬೇಡಿ.

ಬೇಕಾದ ಸಾಮಾನು: 10 ಲೀಟರಿನ ಪೇಂಟ್ ಬಕೆಟ್ (ಚೆನ್ನಾಗಿ ತೊಳೆದದ್ದು), ಕಡಲೆಕಾಯಿ ಹಿಂಡಿ 250 ಗ್ರಾಂ, ನೀರು 5 ಲೀಟರ್, ಬೆಲ್ಲ 50 ಗ್ರಾಂ, ಹುಳಿ ಮಜ್ಜಿಗೆ ಒಂದು ಲೋಟ (ಉಪ್ಪು ಹಾಕದ್ದು), ಹಳೇ ಪಂಚೆಯ ಎರಡು ತುಂಡು, ಒಂದು ಕೋಲು. ಹೊಂಗೆ ಹಿಂಡಿಯಾದರೆ 400 ಗ್ರಾಂ, ಬೇವಿನದಾದರೆ 350. ತಾಮ್ರ, ಹಿತ್ತಾಳೆ, ತಗಡಿನ ಪಾತ್ರೆ ಬೇಡ. ದ್ರಾವಣದ ಹುಳಿಗೆ ಲೋಹ ಕರಗುತ್ತದೆ, ತಾಮ್ರವಂತೂ ಸೂಕ್ಷ್ಮಜೀವಿಗಳನ್ನು ಉಳಿಸುವುದಿಲ್ಲ.

ಹಿಂಡಿಯನ್ನು ಕುಟ್ಟಿ ಪುಡಿ ಮಾಡಿ. ಪೂರ್ತಿ ಹಿಟ್ಟಾಗಬೇಕಿಲ್ಲ, ರವೆಯಷ್ಟು ಸಾಕು. ಪಂಚೆ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ ಬಕೆಟ್ಟಿನೊಳಗೆ ಇಳಿಬಿಡಿ. ನೇರವಾಗಿ ನೀರಿಗೂ ಹಾಕಬಹುದು, ಆದರೆ ಕೊನೆಗೆ ಆ ಲೋಳೆ ಲೋಳೆ ಗಸಿಯನ್ನು ಸೋಸುವಾಗ ಯಾಕಾದರೂ ಹಾಕಿದೆನೋ ಅನಿಸುತ್ತದೆ. ಗಂಟಿಗೆ ಜಾಗ ಇರಲಿ, ನೆನೆದ ಹಿಂಡಿ ಉಬ್ಬುತ್ತದೆ. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಹಾಕಿ, ಮಜ್ಜಿಗೆ ಹುಯ್ಯಿರಿ, ಉಳಿದ ನೀರು ತುಂಬಿ ಕಲಕಿ. ಬಾಯಿಗೆ ಇನ್ನೊಂದು ತುಂಡು ಬಟ್ಟೆ ಬಿಗಿದು ಕಟ್ಟಿ ನೆರಳಲ್ಲಿಡಿ. ಬಕೆಟ್ಟಿನ ಮುಚ್ಚಳ ಒತ್ತಿ ಮುಚ್ಚಬೇಡಿ, ಒಳಗೆ ಗಾಳಿ ಹುಟ್ಟುತ್ತಿರುತ್ತದೆ.

ಬೆಳಿಗ್ಗೆ ಎರಡು ನಿಮಿಷ, ಸಂಜೆ ಎರಡು ನಿಮಿಷ ಕಲಕಿ, ಗಂಟನ್ನು ಕೋಲಿನಿಂದ ನಾಲ್ಕೈದು ಸಲ ಅದುಮಿ. ಮೊದಲ ದಿನ ಹಿಂಡಿ ನೆನೆದ ವಾಸನೆ ಬಿಟ್ಟರೆ ಏನೂ ಕಾಣುವುದಿಲ್ಲ. ಎರಡನೇ ದಿನ ಕೋಲಿನ ಸುತ್ತ ಸಣ್ಣ ಗುಳ್ಳೆ ಏಳುತ್ತದೆ. ಮೂರನೇ ದಿನ ಬಟ್ಟೆ ಬಿಚ್ಚಿದರೆ ಕೆನೆಯಂಥ ನೊರೆ ಒಂದು ಬೆರಳೆತ್ತರ ನಿಂತಿರುತ್ತದೆ, ಮೂಗಿಗೆ ಹುಳಿ ಹೊಡೆಯುತ್ತದೆ. ಕಲಕಿದಾಗ ನೊರೆ ಚರ್ ಅಂತ ಕೂರುತ್ತದೆ. ಆ ನೊರೆ ಏಳುವುದು ಕಮ್ಮಿಯಾದ ದಿನವೇ ಗೊಬ್ಬರ ತಯಾರು. ಏಪ್ರಿಲ್–ಮೇ ಬಿಸಿಲಿನಲ್ಲಿ ಮೂರು ನಾಲ್ಕು ದಿನಕ್ಕೆ ಆಗುತ್ತದೆ. ಸಂಕ್ರಾಂತಿ ಚಳಿಯಲ್ಲಿ ಏಳೆಂಟು ದಿನ ಹಿಡಿದರೆ ಗಾಬರಿಯಾಗಬೇಡಿ. ಹೊಂಗೆ, ಬೇವಿನ ಹಿಂಡಿಯ ಕಹಿಗೆ ಹುದುಗು ನಿಧಾನ, ಇನ್ನೆರಡು ದಿನ ಸೇರಿಸಿಕೊಳ್ಳಿ.

ವಾಸನೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ. ಮಜ್ಜಿಗೆ ಹಾಕುವುದು, ದಿನಕ್ಕೆರಡು ಸಲ ಕಲಕುವುದು ಅದನ್ನು ತಡೆದುಕೊಳ್ಳುವ ಮಟ್ಟಕ್ಕೆ ಇಳಿಸುತ್ತವೆ. ಪಕ್ಕದ ಮನೆ ಗೋಡೆ ಅಂಟಿಕೊಂಡಿರುವವರು ಮೀನಿನ ತೊಟ್ಟಿಗೆ ಹಾಕುವ ಸಣ್ಣ ಗಾಳಿ ಪಂಪನ್ನು ಇಳಿಬಿಟ್ಟರೆ ಬಹಳ ಅನುಕೂಲ.

ಗಾಣದ ಹಿಂಡಿಯಲ್ಲಿ ಎಣ್ಣೆಯಂಶ ಸ್ವಲ್ಪ ಉಳಿದಿರುತ್ತದೆ, ಅದು ಮೇಲೆ ತೆಳ್ಳಗೆ ತೇಲುತ್ತದೆ. ಸೌಟಿನಿಂದ ತೆಗೆದುಬಿಡಿ. ಬಿಟ್ಟರೆ ಕುಂಡದ ಮೇಲ್ಮಣ್ಣಿನಲ್ಲಿ ಪೊರೆ ಕಟ್ಟಿ ಇರುವೆ ಕರೆಯುತ್ತದೆ.

ಗಂಟನ್ನು ಹಿಂಡಿ ತೆಗೆಯಿರಿ. ಒಂದು ಚೊಂಬು ದ್ರಾವಣಕ್ಕೆ ಹತ್ತು ಚೊಂಬು ನೀರು. ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿ: ಹಾಲು ಕಮ್ಮಿಯಾದ ನೀರು ಟೀ ಬಣ್ಣ ಇರಬೇಕು, ಲೋಟದ ಆಚೆ ಹಿಡಿದ ಬೆರಳು ಮಸುಕಾಗಿ ಕಾಣಬೇಕು. ಬೆರಳೇ ಕಾಣದಿದ್ದರೆ ಇನ್ನೂ ನೀರು ಬೇಕು. 250 ಗ್ರಾಂ ಹಿಂಡಿ ಹೀಗೆ 50 ಲೀಟರ್ ದಾಟುತ್ತದೆ, ಅಷ್ಟೂ ಒಂದೇ ದಿನ ಮುಗಿಸಬೇಕಿಲ್ಲ. ನೀರು ಬೆರೆಸದ ದ್ರಾವಣ ನೆರಳಲ್ಲಿ ಎರಡು ವಾರ ಇರುತ್ತದೆ. ಬಾಟಲಿಗೆ ಹಾಕಿದರೆ ಬಿರಡೆ ಸಡಿಲವಾಗಿರಲಿ, ಬಿಗಿದಿಟ್ಟ ಬಾಟಲಿ ಉಬ್ಬಿ ಸಿಡಿಯುತ್ತದೆ.

ಜೀವಾಮೃತ, ಒಂದು ಬಕೆಟ್ಟಿನ ಅಳತೆಗೆ

ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯಿಂದ ಮನೆಮಾತಾದ ಅಳತೆ ಎಕರೆ ಲೆಕ್ಕದ್ದು: 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ 2 ಕೆ.ಜಿ., ದ್ವಿದಳ ಧಾನ್ಯದ ಹಿಟ್ಟು 2 ಕೆ.ಜಿ., ಒಂದು ಹಿಡಿ ಮಣ್ಣು. ಹಿತ್ತಲಿಗೆ ಇಪ್ಪತ್ತರಲ್ಲಿ ಒಂದು ಪಾಲು ಸಾಕು. 10 ಲೀಟರ್ ನೀರು, 500 ಗ್ರಾಂ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಹುರುಳಿ ಅಥವಾ ಅಲಸಂದೆ ಹಿಟ್ಟು. ಹುರುಳಿಯನ್ನು ಮಿಕ್ಸಿಗೆ ಹಾಕಿದರೆ ಮುಗಿಯಿತು, ಅಂಗಡಿಯ ಕಡ್ಲೆಹಿಟ್ಟಿಗೆ ದುಡ್ಡು ಹಾಕಬೇಡಿ. ಮಣ್ಣು ಔಷಧಿ ಬೀಳದ ಬದುವಿನಿಂದ, ಹೊಂಗೆ ಮರದ ಬುಡದಿಂದ ತನ್ನಿ. ಬೆಲ್ಲ ಕಪ್ಪಗಿದ್ದಷ್ಟೂ ಒಳ್ಳೆಯದು, ಹೊಳೆಯುವ ಹಳದಿ ಬೆಲ್ಲಕ್ಕೆ ಬಣ್ಣ ತೆಗೆಯುವ ಪುಡಿ ಬಿದ್ದಿರುತ್ತದೆ.

20 ಲೀಟರ್ ಬಕೆಟ್ಟೇ ಬೇಕು, ನೊರೆ ಉಕ್ಕುತ್ತದೆ. ಸಗಣಿಯನ್ನು ಕೈಯಿಂದ ಕದಡಿ ಗಂಟಿಲ್ಲದಂತೆ ಮಾಡಿ (ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ), ಉಳಿದದ್ದೆಲ್ಲ ಬೆರೆಸಿ, ಗೋಣಿ ಮುಚ್ಚಿ 48 ಗಂಟೆ ನೆರಳಲ್ಲಿಡಿ. ಎರಡು ಹೊತ್ತು ಕಲಕುವುದು ಇಲ್ಲಿಯೂ ತಪ್ಪದು. ಏಳು ದಿನದೊಳಗೆ ಮುಗಿಸಿ. ಕೊಡುವಾಗ ಸೋಸಿ, ಕುಂಡಕ್ಕೆ ಒಂದಕ್ಕೆ ಹತ್ತು ನೀರು, ನೆಲದ ಗಿಡಕ್ಕೆ ಒಂದಕ್ಕೆ ಐದು.

ನಾಟಿ ಹಸುವಿನ ಸಗಣಿಯೇ ಬೇಕು ಅನ್ನುವ ವಾದ ಪದ್ಧತಿಯಲ್ಲಿದೆ. ಡೇರಿ ಹಾಲಿನ ಮೇಲೆ ಬದುಕುವ ಕೋಲಾರ, ಚಿಕ್ಕಬಳ್ಳಾಪುರದ ಊರುಗಳಲ್ಲಿ ಕೊಟ್ಟಿಗೆಯಲ್ಲಿರುವುದು ಬಹುತೇಕ ಸೀಮೆ ಹಸು. ಕೈತೋಟದ ಮಟ್ಟಿಗೆ ಅದರ ಸಗಣಿ ನಡೆಯುತ್ತದೆ. ಅದಕ್ಕಿಂತ ಮುಖ್ಯ ಸಗಣಿ ಅವತ್ತಿನದೇ ಇರಬೇಕು, ಹಸುವಿಗೆ ಆ ವಾರ ಜಂತು ಔಷಧಿ, ಆ್ಯಂಟಿಬಯೋಟಿಕ್ ಕೊಟ್ಟಿರಬಾರದು. ಗಂಜಲ ಹಳೆಯದಾದರೂ ಆಗುತ್ತದೆ.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. ಜೀವಾಮೃತ ಹೊಟ್ಟೆ ತುಂಬಿಸುವ ಗೊಬ್ಬರವಲ್ಲ, ಹೆಪ್ಪು. ಮಣ್ಣಿನಲ್ಲಿ ಕಾಂಪೋಸ್ಟು, ಒಣಗಿದೆಲೆಯ ಹೊದಿಕೆ ಇದ್ದರೆ ಅದನ್ನು ಕರಗಿಸಿ ಗಿಡಕ್ಕೆ ಕೊಡುವ ಕೆಲಸ ಇದರದ್ದು. ಬರೀ ತೆಂಗಿನ ನಾರಿನ ಪುಡಿ ತುಂಬಿದ ಕುಂಡಕ್ಕೆ ತಿಂಗಳುಗಟ್ಟಲೆ ಜೀವಾಮೃತ ಹುಯ್ದು ಗಿಡ ಏಳಲಿಲ್ಲ ಅಂದರೆ ಹೆಪ್ಪಿನ ತಪ್ಪಲ್ಲ, ಹಾಲೇ ಇಲ್ಲ. ಅಂಥ ಕುಂಡಕ್ಕೆ ಹಿಂಡಿ ನೀರು ಕೊಡಿ.

ಕೊತ್ತಂಬರಿ, ಪುದೀನ, ಮೂಲಂಗಿಯಂತೆ ಹಸಿಯಾಗಿ ತಿನ್ನುವ ಬೆಳೆಗೆ ಜೀವಾಮೃತ ಬೇಡ. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುತ್ತದೆ, ಎರಡು ದಿನದ ಹುದುಗಿಗೆ ಅದು ಸಾಯುವುದಿಲ್ಲ. ಆ ಮಡಿಗಳಿಗೂ ಹಿಂಡಿ ನೀರೇ, ಅದೂ ಎಲೆಗೆ ತಾಗದಂತೆ ಬುಡಕ್ಕೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ

ರೇಷ್ಮೆ ಹುಳುವಿನ ಹಿಕ್ಕೆ ಒಳ್ಳೆಯ ಗೊಬ್ಬರ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ಮೇಯುವ ರಭಸಕ್ಕೆ ಹಿಕ್ಕೆ ರಾಶಿ ಬೀಳುತ್ತದೆ. ಜ್ವರ ಎದ್ದಾಗ ಹಾಸಿಗೆಗೆ ಉದುರಿಸುವ ಪುಡಿಯಲ್ಲಿ ಸುಣ್ಣ ಇರುವುದರಿಂದ, ಪುಡಿ ಬಿದ್ದ ದಿನದ ಹಾಸಿಗೆ ಬಿಟ್ಟು ಎರಡು ಮೂರು ದಿನದ ನಂತರದ್ದು ತೆಗೆದುಕೊಳ್ಳಿ. ಸುಣ್ಣ ಸೇರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಕಣ್ಣಲ್ಲಿ ನೀರು ತರಿಸುವ ಘಾಟು ಅದೇ. ಒಣಗಿದ ಹಿಕ್ಕೆ ಅರ್ಧ ಕೆ.ಜಿ.ಗೆ 5 ಲೀಟರ್ ನೀರು, ಮೂರು ನಾಲ್ಕು ದಿನ, ಒಂದಕ್ಕೆ ಹತ್ತು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗ ಕಂಡ ಹುಳುಗಳ ಹಿಕ್ಕೆಯನ್ನು ಮಾತ್ರ ಹಿಪ್ಪುನೇರಳೆ ತೋಟದ ಹತ್ತಿರ ಎಲ್ಲೂ ಬಳಸಬೇಡಿ. ರೋಗ ನಿಮ್ಮ ಕೈಯಾರೆ ಹಂಚಿದಂತಾಗುತ್ತದೆ.

ಕೊಡುವ ಹದ

ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಲೇಬಾರದು. ಬಾಯಾರಿದ ಬೇರು ಉಪ್ಪನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬರೀ ನೀರು ಹಾಕಿ, ಸಂಜೆ ಗೊಬ್ಬರ. 8 ಇಂಚಿನ ಕುಂಡಕ್ಕೆ 200 ಮಿ.ಲೀ., 12 ಇಂಚಿನದಕ್ಕೆ ಅರ್ಧ ಲೀಟರ್, ದೊಡ್ಡ ಗ್ರೋ ಬ್ಯಾಗಿಗೆ ಮುಕ್ಕಾಲು ಲೀಟರ್. ನೆಲದಲ್ಲಿರುವ ಗುಲಾಬಿ, ದಾಸವಾಳಕ್ಕೆ ಒಂದು ಲೀಟರ್, ಕಾಯಿ ಬಿಡುವ ನಿಂಬೆಗೆ ಐದು ಲೀಟರ್, ಕಾಂಡದ ಬುಡಕ್ಕಲ್ಲ, ಮಧ್ಯಾಹ್ನದ ನೆರಳು ಬೀಳುವ ಅಂಚಿನ ಸುತ್ತ. ಹದಿನೈದು ದಿನಕ್ಕೊಮ್ಮೆ. ಕುಂಡ ಬದಲಿಸಿದ ಗಿಡಕ್ಕೆ ಮೂರು ವಾರ ರಜೆ ಕೊಡಿ, ಕಡಿದ ಬೇರು ಕೂಡಿಕೊಳ್ಳಬೇಕು. ಜಡಿಮಳೆ ಹಿಡಿದ ವಾರ ಹಾಕಿದ್ದು ತೊಳೆದುಹೋಗುತ್ತದೆ.

ಟೊಮೆಟೊ, ಮೆಣಸಿನಕಾಯಿ, ಸೇವಂತಿಗೆ ಮೊಗ್ಗು ತೋರಿಸಿದ ಮೇಲೆ ಹಿಂಡಿ ನೀರಿನ ಪ್ರಮಾಣ ಅರ್ಧಕ್ಕೆ ಇಳಿಸಿ. ಅವರೆ, ಬೀನ್ಸಿಗೆ ಮೊದಲಿನಿಂದಲೂ ಬೇಡ. ಸಾರಜನಕವನ್ನು ಅವು ಬೇರಿನ ಗಂಟಿನಲ್ಲೇ ಮಾಡಿಕೊಳ್ಳುತ್ತವೆ. ಮೇಲಿನಿಂದ ಕೊಟ್ಟರೆ ಚಪ್ಪರ ತುಂಬ ಸೊಪ್ಪು, ಸೊನೆ ಅವರೆಕಾಯಿಗೆ ಮಾತ್ರ ಸಂತೆಗೇ ಹೋಗಬೇಕು.

ಎಲೆ ಹಳದಿಯಾದರೆ

ಹೆಚ್ಚಿನ ಗಿಡಗಳು ಕೆಡುವುದು ಇಲ್ಲಿ. ಎಲೆ ಹಳದಿಯಾಯಿತು, ಗೊಬ್ಬರ ಸಾಲದು ಅಂತ ಇನ್ನೊಂದು ಚೊಂಬು. ಮೊದಲು ಯಾವ ಎಲೆ ಅಂತ ನೋಡಿ.

ಬುಡದ ಹಳೇ ಎಲೆ ಇಡಿಯಾಗಿ ಹಳದಿಯಾಗಿ ಉದುರುತ್ತಿದ್ದರೆ, ಗಿಡ ಬಡಕಲಾಗಿದ್ದರೆ ಸಾರಜನಕದ ಕೊರತೆ. ಹಿಂಡಿ ನೀರು ಕೊಟ್ಟ ವಾರ ಹತ್ತು ದಿನದಲ್ಲಿ ಹೊಸ ಚಿಗುರು ಹಸಿರಾಗಿ ಬರುತ್ತದೆ.

ತುದಿಯ ಎಳೇ ಎಲೆ ಹಳದಿಯಾಗಿದ್ದರೆ ಒಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ನರಗಳು ಹಸಿರು ದಾರದ ಬಲೆಯ ಹಾಗೆ, ಮಧ್ಯದ ಜಾಗ ಬಾಳೆಹಣ್ಣಿನ ತಿರುಳಿನ ಬಣ್ಣದಲ್ಲಿ ಕಂಡರೆ ಅದು ಕಬ್ಬಿಣದ ಕೊರತೆ. ಗುಲಾಬಿ, ಕರಿಬೇವು, ನಿಂಬೆ, ಮಲ್ಲಿಗೆಯಲ್ಲಿ ಈ ಕಡೆ ಎಲ್ಲೆಲ್ಲೂ ಕಾಣುತ್ತದೆ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣ, ಆದರೂ ಗಿಡಕ್ಕೆ ಸಿಕ್ಕುವುದಿಲ್ಲ. ಗಡಸು ನೀರಿನ ಬೈಕಾರ್ಬೊನೇಟ್ ಮಣ್ಣನ್ನು ಕ್ಷಾರಕ್ಕೆ ತಿರುಗಿಸಿ ಕಬ್ಬಿಣವನ್ನು ಕರಗದಂತೆ ಕಟ್ಟಿಹಾಕಿರುತ್ತದೆ. ಇದಕ್ಕೆ ಹಿಂಡಿ ನೀರು ಎಷ್ಟು ಹುಯ್ದರೂ ಗುಣವಿಲ್ಲ. ಗೊಬ್ಬರದಂಗಡಿಯಿಂದ ಅನ್ನಭೇದಿ (ಫೆರಸ್ ಸಲ್ಫೇಟ್) ತನ್ನಿ. ತಿಳಿ ಹಸಿರು ಹರಳಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಕೆಲಸಕ್ಕೆ ಬಾರದು. ಒಂದು ಲೀಟರ್ ಮಳೆನೀರಿಗೆ ಮೊದಲು ಒಂದು ಚಮಚ ನಿಂಬೆರಸ, ಆಮೇಲೆ 3 ಗ್ರಾಂ ಅನ್ನಭೇದಿ ಕರಗಿಸಿ, ಕೂಡಲೇ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಸುಣ್ಣ ಬಳಿದ ಗೋಡೆ, ಮೊಸಾಯಿಕ್ ನೆಲದ ಮೇಲೆ ಹನಿ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ಗಿಡವನ್ನು ಆಚೆ ತಂದು ಹೊಡೆಯಿರಿ.

ಎಲೆಯ ತುದಿ, ಅಂಚು ಸುಟ್ಟ ಹಾಗೆ ಕಂದಾಗಿ, ಕುಂಡದ ಅಂಚಿನಲ್ಲಿ ಬಿಳೀ ಪುಡಿ ಕಟ್ಟಿದ್ದರೆ ಉಪ್ಪು ಜಾಸ್ತಿಯಾಗಿದೆ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ. ಕುಂಡದಷ್ಟೇ ಅಳತೆಯ ಮಳೆನೀರನ್ನು ಎರಡು ಕಂತಿನಲ್ಲಿ ನಿಧಾನವಾಗಿ ಹುಯ್ದು ತಳದ ತೂತಿನಿಂದ ಪೂರ್ತಿ ಇಳಿದುಹೋಗಲು ಬಿಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ.

ಮೆಣಸಿನ ಗಿಡದ ಎಲೆ ಮುದುರುವುದು ಸಾಮಾನ್ಯವಾಗಿ ಗೊಬ್ಬರದ ಕೊರತೆಯಿಂದಲ್ಲ, ಹೆಚ್ಚಾಗಿ ರಸ ಹೀರುವ ಥ್ರಿಪ್ಸ್ ಅಥವಾ ನುಸಿಯಿಂದ. ಹಿಂಡಿ ನೀರು ಅತಿಯಾದರೆ ಮೆತ್ತನೆ ಚಿಗುರು ಬಂದು ಆ ಹುಳುಗಳಿಗೆ ಔತಣವಾಗುತ್ತದೆ.

ಬಕೆಟ್ಟೇ ಕೆಟ್ಟರೆ

ಮೇಲೆ ಬಿಳೀ ಪೊರೆ ಕಟ್ಟಿದರೆ ತೊಂದರೆಯಿಲ್ಲ, ಕಲಕಿಬಿಡಿ. ಕೊಳೆತ ಮೊಟ್ಟೆಯ ನಾತ, ಬಣ್ಣ ಕಪ್ಪು ಅಂದರೆ ಗಾಳಿ ಸಾಲದೆ ಕೊಳೆತಿದೆ. ಎರಡು ಲೀಟರ್ ನೀರು ಸೇರಿಸಿ ದಿನಕ್ಕೆ ಐದಾರು ಸಲ ಕಲಕಿ. ಎರಡು ದಿನದಲ್ಲಿ ನಾತ ಇಳಿಯದಿದ್ದರೆ ತಿಪ್ಪೆಗೆ ಹುಯ್ಯಿರಿ, ಬೇರಿಗೆ ಬೇಡ. ಹುಳ ಬಿದ್ದಿದ್ದರೆ ಬಟ್ಟೆ ಸಡಿಲವಾಗಿತ್ತು ಅಂತ ಅರ್ಥ, ಸೋಸಿ ಬಳಸಬಹುದು.

ಬಾಳೆಸಿಪ್ಪೆ ನೆನೆಸಿದ ನೀರಲ್ಲಿ ಒಂದಿಷ್ಟು ಪೊಟ್ಯಾಷ್ ಇಳಿಯುತ್ತದೆ, ಹೂಗಿಡಕ್ಕೆ ಹಾಕಿ, ಪವಾಡ ನಿರೀಕ್ಷಿಸಬೇಡಿ. ಮೊಟ್ಟೆಚಿಪ್ಪು ಬರೀ ನೀರಿನಲ್ಲಿ ಕರಗುವುದೇ ಇಲ್ಲ, ಸುಣ್ಣಕ್ಕೆ ನಮ್ಮ ಬೋರ್ ನೀರಲ್ಲಿ ಕೊರತೆಯೂ ಇಲ್ಲ. ಸೌದೆ ಬೂದಿ ಕ್ಷಾರ. ಅದನ್ನು ಗಂಜಲ, ಸಗಣಿ ನೀರಿಗೆ ಬೆರೆಸಿದರೆ ಸಾರಜನಕ ಹಾರಿಹೋಗುತ್ತದೆ, ಗಡಸು ನೀರಿನ ಕುಂಡಕ್ಕೆ ಹಾಕಿದರೆ ಕಬ್ಬಿಣದ ಕಟ್ಟು ಇನ್ನೂ ಬಿಗಿಯುತ್ತದೆ. ಅಕ್ಕಿ ತೊಳೆದ ನೀರು ಆಗಬಹುದು, ಉಪ್ಪು ಬಿದ್ದ ಗಂಜಿ ಆಗದು.

ಪಂಚೆ ಗಂಟಿನಲ್ಲಿ ಉಳಿದ ಹಿಂಡಿಯಲ್ಲಿ ಇನ್ನೂ ಸತ್ವ ಇದೆ. ಕುಂಡದ ಮೇಲೆ ಹರಡಿದರೆ ಬೂಷ್ಟು ಹಿಡಿದು, ಇಲಿ ಹೆಗ್ಗಣ ಬಂದು ರಾತ್ರೋರಾತ್ರಿ ಗಿಡ ಕೆದರುತ್ತವೆ. ಕಾಂಪೋಸ್ಟ್ ಗುಂಡಿಯ ಮಧ್ಯಕ್ಕೆ ಹಾಕಿ ಮೇಲೆ ಒಣಗಿದೆಲೆ ಎಳೆಯಿರಿ. ಗುಂಡಿ ಇಲ್ಲದವರು ನೆಲದ ಗಿಡದಿಂದ ಒಂದಡಿ ದೂರದಲ್ಲಿ ಗೇಣುದ್ದ ತೋಡಿ ಮುಚ್ಚಿ, ಮೇಲೊಂದು ಚಪ್ಪಡಿ ಕಲ್ಲು ಇಡಿ.